ಗೋಡೆಯಾಚೆಯ ಬೇವು

ಸತ್ತವರ ದನಿಯಲ್ಲಿ ಗಿಡಗಳು ಮಾತಾಡುವುದು ಆ ಊರಿಗೆ ಹೊಸದೇನಲ್ಲ. ಸರಕಾರಿ ತೋಪಿನ ಬೇವಿನ ಕೊಂಬೆಯೊಂದು ಗೋಡೆ ದಾಟಿ ನೀಲವ್ವನ ಹಿತ್ತಲಿಗೆ ಚಾಚಿತ್ತು. ಅದರ ನೆರಳಲ್ಲೇ ಹೊರಸಿನ ಮೇಲೆ ನರಳಿ ತೀರಿಕೊಂಡ ಗಂಡನ ದನಿಯಲ್ಲಿ ಕೊಂಬೆ ದಿನವೂ ಕೂಗುತ್ತಿತ್ತು: "ನೀಲಾ, ನೀರ ಕೊಡ." ಎಲೆಗಳಿಗೆ ನೀರು ಚಿಮುಕಿಸಿದರೆ ಸುಮ್ಮನಾಗುತ್ತಿತ್ತು. ಅವಳಿಗೂ ಸಾಕಾಗಿ, ಕಡಿಯುವವನನ್ನು ಕರೆಸಿದಳು.

"ಪೂರಾ ಗಿಡಾನ ಕಡದ ಬಿಡಪ್ಪಾ."

"ಗ್ವಾಡಿ ಈಚೆ ಬಂದದ್ದಷ್ಟ ಕಡೀಬಹುದು, ಯವ್ವಾ. ಆಚೆಗಿಂದು ಸರಕಾರದ್ದು. ಒಳಗ ಕಾಲಿಟ್ರೂ ಕೇಸ್ ಹಾಕ್ತಾರ."

ಕೊಂಬೆ ಬಿತ್ತು. ಹಿತ್ತಲು ಬೆಳಕಾಯಿತು. ನೀಲವ್ವ ನೆಮ್ಮದಿಯಿಂದ ಚಹಾ ಕಾಸಿಕೊಂಡಳು.

ಲೋಟ ತುಟಿಗೆ ತಾಗುವಷ್ಟರಲ್ಲಿ ಗೋಡೆಯಾಚೆಯಿಂದ ಕೇಳಿಸಿತು: "ನೀಲಾ, ನೀರ ಕೊಡ."

ತಂಬಿಗೆ ತುಂಬಿಕೊಂಡು ಓಡಿದಳು. ಅವಳ ಕೈಗೆಟುಕುವಂಥ ಒಂದು ಎಲೆಯೂ ಉಳಿದಿರಲಿಲ್ಲ.