ಒರಳಿನ ಹಿಡಿ

ಶ್ಯಾವಿಗೆ ಒರಳಿನ ಹಿಡಿ ಎಲ್ಲಾದರೂ ಕಿರುಗುಟ್ಟಿದರೆ ಇವತ್ತಿಗೂ ನನ್ನ ಕೈಗಳು ತಾವಾಗಿ ಸೆರಗಿನೊಳಗೆ ಸೇರಿಕೊಳ್ಳುತ್ತವೆ.

ಅಂತರಸಂತೆ ಹತ್ತಿರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಚಿಕ್ಕಪ್ಪ ಹಳೆಯ ಶ್ಯಾವಿಗೆ ಒರಳೊಂದನ್ನು ಹಲಸಿನ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿದ್ದರು. ಹಂದಿ ಹೊಡೆಯುವ ಕೋವಿಯ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ, ಒರಳಿನ ಉದ್ದನೆಯ ಹಿಡಿ ಎಳೆದು ಅವುಗಳ ಬಾಯಿ ಒತ್ತಿ ಮುಚ್ಚುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಒತ್ತುತ್ತಿದ್ದಾಗ ಅವರ ಹಣೆಯಿಂದ ರಕ್ತ ಸೋರುತ್ತಿತ್ತು. ನಾಲೆ ನೀರಿನ ಜಗಳದಲ್ಲಿ ಪಕ್ಕದ ಜಮೀನಿನವನು ಗುದ್ದಲಿಯ ಕಾವಿನಿಂದ ಹೊಡೆದಿದ್ದ. ನಾನು ರಾಗಿ ಮೂಟೆಯ ಮೇಲೆ ಕೂತು ನೋಡುತ್ತಿದ್ದೆ.

"ಯಾವ ಅಂದೀಗ್ಲಾ ಇದು?" ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದರು.

"ಎಲ್ಡು ಕಾಲಿನ್ ಅಂದೀಗ್ ಕಣವ್ವ. ನೀ ಒಳೀಕ್ ಓಗು."

ಅಜ್ಜಿ ಒಳಗೆ ಹೋಗಲಿಲ್ಲ. ಒರಳಿನಿಂದ ತೋಟಾ ಕಿತ್ತೆಸೆದು, ಅದಿದ್ದ ಜಾಗದಲ್ಲಿ ತಮ್ಮ ಬಲಗೈ ಇಟ್ಟರು. "ಮೊದ್ಲು ಇದ್ನ ಒತ್ತು. ಆಮ್ಯಾಕೆ ಓಗಿ ಅವನ್ನ ಕೊಲ್ಲು."

"ತಗಿಯವ್ವ ಕೈಯ!"

"ತಗಿಯಾಕಿಲ್ಲ."

ಚಿಕ್ಕಪ್ಪ ಕಿರುಚುತ್ತಾ ಹಿಡಿ ಎಳೆದೇಬಿಟ್ಟರು. ಹಸಿ ಕಬ್ಬು ಮುರಿದಂತೆ ಸದ್ದಾಯಿತು. ಅಜ್ಜಿ ಕೂಗಲಿಲ್ಲ; ಕೂಗಿದ್ದು ಚಿಕ್ಕಪ್ಪ. ಕೋವಿಯನ್ನು ಗೋಡೆಗೆ ಒರಗಿದ್ದಲ್ಲೇ ಬಿಟ್ಟು, ಅಜ್ಜಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಯ ಕಡೆ ಓಡಿದರು.

ಆ ಬೆರಳುಗಳು ಮತ್ತೆ ಮಡಚಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಚಿಕ್ಕಪ್ಪನೇ ಅಜ್ಜಿಯ ಹಿಂದೆ ಕೂತು ತಲೆ ಬಾಚಿ ತುರುಬು ಕಟ್ಟುತ್ತಿದ್ದರು. ಅವರು ಕೂದಲನ್ನು ಸಡಿಲ ಬಿಟ್ಟಾಗಲೆಲ್ಲ ಅಜ್ಜಿ, "ಬಿಗಿಯಾಗ್ ಕಟ್ಟು ಮಗಾ, ನೋಯಾಕಿಲ್ಲ" ಅನ್ನುತ್ತಿದ್ದರು.