ಶುಕ್ರವಾರ ಹೊರಟವಳು

ಪದ್ಮಿನಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಊಟದ ಮೇಜಿನ ಮೇಲಿಟ್ಟಿದ್ದ ಚಿತ್ರದ ಹುಡುಗಿಯ ಹಣೆಯಲ್ಲಿ, ಹುಬ್ಬುಗಳ ನಟ್ಟನಡುವೆ, ಮೈಸೂರಿನ ಕುಂಕುಮ ಕೆಂಪಗೆ ಕೂತಿತ್ತು. ಪಕ್ಕದಲ್ಲಿ ಅತ್ತೆ ಪುಟ್ಟಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದರು. ತಪ್ಪು ಮಾಡಿದ ಕಳೆ ಅವರ ಮುಖದಲ್ಲಿ ಹುಡುಕಿದರೂ ಇರಲಿಲ್ಲ.

"ಅತ್ತೆ, ಇದರ ಗಾಜೆಲ್ಲಿ?"

"ಒಡಕು ಗಾಜು ಮನೇಲಿಟ್ಕೋತಾರೇನೆ? ತೆಗೆದು ಬಿನ್‌ಗೆ ಹಾಕ್ದೆ. ಶುಕ್ರವಾರ ಹೆಣ್ಣುಮಗೂನ ಕಳಿಸ್ಬೇಡ ಅಂದ್ರೆ ನೀನು ಕೇಳ್ಲಿಲ್ಲ. ಬರೀ ಹಣೇಲಾದ್ರೂ ಕಳಿಸ್ದೆ ಇರೋಣ ಅಂತ ಇಟ್ಟೆ."

ಹೆಣ್ಣುಮಗು ಎಂದರೆ ಆ ಚಿತ್ರ. ನೂರಮೂವತ್ತು ವರ್ಷಗಳ ಹಿಂದೆ ಇಟಲಿಯ ಯಾರೋ ಕಲಾವಿದ ಪೇಸ್ಟಲ್‌ನಲ್ಲಿ ಬಿಡಿಸಿದ್ದು. ತಲೆಗೆ ಜರಿಯ ವಸ್ತ್ರ, ಅದರಂಚಿಗೆ ನಾಣ್ಯಗಳ ಸರ, ಕೈಯಲ್ಲಿ ಹಿತ್ತಾಳೆಯ ಹೂಜಿ. ಅದಕ್ಕೆ ಅವನಿಟ್ಟ ಹೆಸರು 'ತುರ್ಕಿಯ ದಾಸಿ'. ಚಿತ್ರ ಪಕ್ಕದ ಮನೆಯ ಮುದುಕಿ ಕಾರ್ಮೆಲಾಳದ್ದು. ಅವಳು ಹೋದ ತಿಂಗಳು ಸಿಡ್ನಿಯ ಗಿರಾವೀನ್‌ನ ಮನೆ ಖಾಲಿ ಮಾಡಿ ಮೆಲ್ಬರ್ನ್‌ಗೆ, ಮಗಳು ತೆರೇಸಾಳ ಹತ್ತಿರ ಹೋಗಿದ್ದಳು. ಗೋಡೆಯಿಂದ ಇಳಿಸುವಾಗ ಗಾಜು ಬಿರುಕು ಬಿಟ್ಟಿತ್ತು. ಪೇಸ್ಟಲ್ ಎಂದರೆ ಕಾಗದದ ಮೇಲೆ ಸುಮ್ಮನೆ ಕೂತ ಬಣ್ಣದ ಪುಡಿ, ಪ್ಯಾಕರ್‌ಗಳ ಕೈಗೆ ಕೊಟ್ಟರೆ ಉದುರಿಯೇ ಹೋದೀತು, ನೀನೇ ತಂದುಕೊಡು ಮಗಳೇ ಎಂದು ಕೇಳಿಕೊಂಡಿದ್ದಳು.

ಆವರೆಗೆ ಕಾರ್ಮೆಲಾ ಪದ್ಮಿನಿಯನ್ನು ಏನನ್ನೂ ಕೇಳಿದವಳಲ್ಲ. ಮಗ ಅನುರಾಗ್ ಹುಟ್ಟಿದಾಗ ವೀಸಾ ಸಿಗದೆ ಪುಟ್ಟಮ್ಮ ಮೈಸೂರಿನಲ್ಲೇ ಉಳಿದುಬಿಟ್ಟರಲ್ಲ, ಆಗ ಬಾಣಂತಿಗೆ ಬಿಸಿ ಸೂಪು ತಂದವಳು, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ನೀನು ಮಲಗು ಎಂದವಳು ಅವಳೇ. ಪದ್ಮಿನಿ ಮತ್ತೆ ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಹೋಗಿದ್ದರೆ ಅದೂ ಅವಳ ಪುಣ್ಯವೇ. ಅಂಥವಳು ಕೇಳಿದ ಒಂದೇ ಒಂದು ಕೆಲಸ, ಅದಕ್ಕೂ ಹೀಗಾಗಬೇಕೆ?

ಟಿಶ್ಯೂ ಎತ್ತಿಕೊಂಡಿದ್ದ ಪದ್ಮಿನಿ ಯಾಕೋ ಅನುಮಾನ ಬಂದು ಫ್ರೇಮ್ ಹಾಕುವವನಿಗೆ ಫೋನ್ ಮಾಡಿದಳು. ಒರೆಸಬೇಡಿ, ಬಾಯಲ್ಲಿ ಊದಲೂ ಬೇಡಿ, ಕುಂಕುಮದ ಜೊತೆ ಹಣೆಯೂ ಎದ್ದು ಬರುತ್ತದೆ ಎಂದ ಪುಣ್ಯಾತ್ಮ. ಚಿತ್ರಕ್ಕೆ ತಾಗದಂಥ ಆಳದ ಡಬ್ಬಿ ಹುಡುಕಿ, ಹಿಂದಿನ ಸೀಟಿನಲ್ಲಿ ಮಲಗಿಸಿ, ಅತ್ತೆಯನ್ನು ಮುಂದೆ ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ ಗೋಲ್‌ಬರ್ನ್ ಊರು ಬಂದಾಗ ಪುಟ್ಟಮ್ಮ ಚಕ್ಕುಲಿ ಕೊಟ್ಟರೆ ಸೊಸೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಪುಟ್ಟಮ್ಮನೇ ಮೆಲ್ಲಗೆ ಬಾಯಿಬಿಟ್ಟರು. "ಬೈದ್ರೆ ನನ್ನನ್ನೇ ಬೈಲಿ ಬಿಡು. ನಾನು ಮಾಡ್ಬೇಕಾಗಿದ್ದ ಬಾಣಂತನ ಆ ತಾಯಿ ಮಾಡಿದ್ಳು. ಅವಳ ಮನೆ ಹುಡುಗಿ ನಮ್ಮನೇಲಿ ಒಂದು ತಿಂಗಳಿದ್ದು ಹೋಗ್ತಾ ಇದಾಳೆ. ನಾನು ಇಷ್ಟೂ ಮಾಡ್ಬಾರ್ದಿತ್ತಾ?" ಪದ್ಮಿನಿಯ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಹೆದರಿಕೆ ಮಾತ್ರ ಇಳಿಯಲಿಲ್ಲ.

ಮೆಲ್ಬರ್ನ್ ತಲುಪಿದಾಗ ಸಂಜೆ. ಡಬ್ಬಿ ತೆರೆದ ತೆರೇಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಪದ್ಮಿನಿ ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಕ್ಷಮೆಯ ಮಾತುಗಳನ್ನು ಶುರುಮಾಡಿದಳು. ಪುಟ್ಟಮ್ಮ ಸೊಸೆಯನ್ನು ಹಿಂದೆ ಸರಿಸಿ ತಾವೇ ಮುಂದೆ ಬಂದು, ನಾನೇ ಎಂಬಂತೆ ಎದೆ ಮುಟ್ಟಿಕೊಂಡರು.

ಹೀಟರ್ ಪಕ್ಕದ ಕುರ್ಚಿಯಲ್ಲಿದ್ದ ಕಾರ್ಮೆಲಾ ಚಿತ್ರವನ್ನು ಮಡಿಲಲ್ಲಿ ಇಡಿಸಿಕೊಂಡು, ಈ ಕೆಂಪು ಯಾಕೆ ಎಂದಷ್ಟೇ ಕೇಳಿದಳು. ಪದ್ಮಿನಿ ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದಳು: ನಮ್ಮಲ್ಲಿ ಮಗಳು ಮನೆಯಿಂದ ಹೊರಡುವಾಗ ಹಣೆಗೆ ಕುಂಕುಮ ಇಡುತ್ತಾರೆ, ಅವಳು ಕಣ್ಮರೆಯಾಗುವವರೆಗೂ ಮನೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಇವಳಿಗೂ ಹಿಂದೆ ಜನ ಇದ್ದಾರೆ ಅಂತ ಅದರರ್ಥ.

ಮುದುಕಿ ಆಮೇಲೆ ಹೇಳಿದ್ದು ಪದ್ಮಿನಿ ಅದುವರೆಗೆ ಕೇಳದ ಸಂಗತಿ. ಚಿತ್ರದವಳು ತುರ್ಕಿಯವಳೂ ಅಲ್ಲ, ದಾಸಿಯೂ ಅಲ್ಲ. ನೇಪಲ್ಸ್‌ನಲ್ಲಿ ಬಟ್ಟೆ ಒಗೆಯುತ್ತಿದ್ದ ಕಾರ್ಮೆಲಾಳ ಸ್ವಂತ ಅಜ್ಜಿ, ನುನ್ಸಿಯಾ. ಜರಿಯ ವಸ್ತ್ರ, ಸರ, ಹೂಜಿ ಎಲ್ಲ ಕಲಾವಿದನ ಪೆಟ್ಟಿಗೆಯವು. ಚಿತ್ರ ಮಾರಾಟವಾಗಲಿಲ್ಲ, ಅವಳಿಗೇ ಕೊಟ್ಟುಬಿಟ್ಟ. ಮಗಳು ದಾಸಿಯ ವೇಷದಲ್ಲಿ ಗಂಡಸಿನೆದುರು ಕೂತಳು ಎಂದು ಬೀದಿಯೆಲ್ಲ ಆಡಿಕೊಂಡಿತು. ಅಪ್ಪ ಹೊರಗೆ ಹಾಕಿದ.

"ಇದನ್ನೇ ಬಗಲಲ್ಲಿಟ್ಟುಕೊಂಡು ಮನೆ ಬಿಟ್ಟಳು," ಎಂದಳು ಕಾರ್ಮೆಲಾ. "ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದಳು, ಬೀದಿಯ ಕೊನೆಯಲ್ಲಿ ತಿರುಗಿ ನೋಡಿದೆ, ಬಾಗಿಲಲ್ಲಿ ಯಾರೂ ಇರಲಿಲ್ಲ ಅಂತ."

ಪದ್ಮಿನಿ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಪುಟ್ಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗೊತ್ತಿದ್ದಿದ್ದರೆ ಬಳೆಯನ್ನೂ ತರುತ್ತಿದ್ದೆ ಎಂದು ಗೊಣಗಿದರು. ಇದನ್ನು ತೆಗೆಯುವ ತಜ್ಞರು ಇಲ್ಲಿದ್ದಾರೆ ಎಂದು ತೆರೇಸಾ ಶುರುಮಾಡಿದಳು. ಕಾರ್ಮೆಲಾ ಕೈಯೆತ್ತಿ ತಡೆದಳು. ಇದರ ಮೇಲೇ ಗಾಜು ಹಾಕಿಸು ಎಂದು, ಪುಟ್ಟಮ್ಮನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ.

ಶನಿವಾರ ಹೊಸ ಗಾಜು ಬಂತು. ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಸಿಡ್ನಿಗೆ ಹೊರಟರು. ಬೀದಿಯ ಕೊನೆಯಲ್ಲಿ ಕಾರು ತಿರುಗಿಸುವಾಗ ಪದ್ಮಿನಿ ಕನ್ನಡಿಯಲ್ಲಿ ಹಿಂದೆ ನೋಡಿದಳು. ಕುರ್ಚಿ ಬಿಟ್ಟು ಏಳದ ಕಾರ್ಮೆಲಾ ವಾಕರ್ ಹಿಡಿದು ಹೊಸ್ತಿಲಿಗೆ ಬಂದಿದ್ದಳು. ಪಕ್ಕದಲ್ಲಿ ತೆರೇಸಾಳ ಕೈಯಲ್ಲಿ, ಹಣೆಯ ಕುಂಕುಮದೊಂದಿಗೆ, ನುನ್ಸಿಯಾ ಕೂಡ ಬಾಗಿಲಿಗೆ ಬಂದಿದ್ದಳು.