ತೋಡಾರಿನ ಕೆರೆಯ ಗುಲಾಬಿ ತಲೆ

"ಮಾಸ್ಟ್ರೇ, ನೀವು ನೋಡಿದ್ದು ತಾವರೆ ಹೂವು," ಎಂದರು ತಿರುಮಲೇಶ್ವರ ಭಟ್ಟರು, ಕಣ್ಣಿನಿಂದ ದುರ್ಬೀನು ತೆಗೆಯದೆ. "ಅದರ ಹಿಂದೆ ಯಾವುದೋ ಬಡಪಾಯಿ ಬಾತು ಕೂತಿರಬೇಕು. ನೀವು ಎರಡನ್ನೂ ಒಟ್ಟು ಸೇರಿಸಿದಿರಿ."

ಕೆರೆಯ ದಂಡೆಯಲ್ಲಿ ಕೂತಿದ್ದ ಉಳಿದ ಮೂವರು ಕಿಸಕ್ಕನೆ ನಕ್ಕರು. ಧರ್ಣಪ್ಪ ಮಾಸ್ಟ್ರ ಕಿವಿ ಬಿಸಿಯಾಯಿತು.

ಮೂಡುಬಿದಿರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಧರ್ಣಪ್ಪ ಮಾಸ್ಟ್ರು ಹಿಂದಿನ ವಾರ ತೋಡಾರಿನ ಈ ಕೆರೆಯಲ್ಲಿ ಗುಲಾಬಿ ತಲೆಯ ಬಾತನ್ನು ಕಂಡಿದ್ದರು. ಅದೂ ಒಂದೇ ಒಂದು. ದೇಶದಲ್ಲಿ ಆ ಜಾತಿಯೇ ಮುಗಿದುಹೋಯಿತೆಂದು ಬಲ್ಲವರು ಕೈಚೆಲ್ಲಿದ್ದ ಕಾಲ, ಐವತ್ತೆಂಟನೆಯ ಇಸವಿ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹಕ್ಕಿ ನೋಡುವ ಕೂಟದ ಅಧ್ಯಕ್ಷರಾದ ಭಟ್ಟರು ಪಾಟೀಸವಾಲು ಶುರುಮಾಡಿದರು. ಬಂಟ್ವಾಳದ ವಕೀಲರು ಬೇರೆ, ಕೇಳಬೇಕೆ! ತೀರ್ಪನ್ನೂ ಅವರೇ ಕೊಟ್ಟರು: ಬರುವ ಭಾನುವಾರ ಬಾತನ್ನು ಎಲ್ಲರಿಗೂ ತೋರಿಸಬೇಕು; ಇಲ್ಲವಾದರೆ ಮಾಸ್ಟ್ರು ಕೂಟದಲ್ಲಿ ಇನ್ನು ಬಾಯಿ ತೆರೆಯಬಾರದು. ಸುಳ್ಳನೆಂಬ ಹೆಸರು ಹೊತ್ತು ಮಕ್ಕಳಿಗೆ ಪಾಠ ಹೇಳುವುದು ಹೇಗೆಂದು ಮಾಸ್ಟ್ರಿಗೆ ಊಟವೇ ಸೇರದಾಯಿತು.

ಮರುದಿನವೇ ಅವರು ಕೆರೆಯ ಪಕ್ಕದ ಗದ್ದೆಯ ಯಜಮಾನ ಗುರುವಪ್ಪನಲ್ಲಿಗೆ ಓಡಿದ್ದರು. ಗುರುವಪ್ಪನ ಮಕ್ಕಳು ಮಾಸ್ಟ್ರ ಶಿಷ್ಯರು. ಮಾಸ್ಟ್ರೆಂದರೆ ಅವನಿಗೆ ಪ್ರಾಣ. ಪೇಟೆಯ ದೊಡ್ಡವರು ಈ ಕೆರೆಗೆ ಬರುವುದೂ ಅವನಿಗೆ ಹೊಸದಲ್ಲ. ಪ್ರತಿ ಚಳಿಗಾಲದಲ್ಲೂ ಯಾರಾದರೂ ಬರುತ್ತಿದ್ದರು.

"ಭಾನುವಾರ ನಾವು ಬರ್ತೇವೆ ಗುರುವಪ್ಪಣ್ಣ. ಆ ಗುಲಾಬಿ ತಲೆಯ ಬಾತು ನಮಗೆ ಸಿಗಲೇಬೇಕು. ನನ್ನ ಮಾನದ ಪ್ರಶ್ನೆ."

"ಎಷ್ಟು ಜನ ಬರ್ತೀರಿ?"

"ಐದು."

"ಅದು ಇರುವುದು ಒಂದೇ ಅಲ್ವಾ ಮಾಸ್ಟ್ರೇ? ಐದು ಜನಕ್ಕೆ ಸಾಕಾಗ್ತದಾ?"

ಮಾಸ್ಟ್ರಿಗೆ ಆ ಸಂಕಟದಲ್ಲೂ ನಗು ಬಂತು. "ಧಾರಾಳ ಆಯ್ತು ಮಾರಾಯ್ರೇ. ಅಷ್ಟರೊಳಗೆ ಹಾರಿಹೋಗದಿದ್ದರೆ ಸಾಕು."

"ಅದರ ಚಿಂತೆ ನನಗೆ ಬಿಡಿ," ಎಂದಿದ್ದ ಗುರುವಪ್ಪ.

ಈಗ ಬಿಸಿಲು ನೆತ್ತಿಗೇರುತ್ತಿತ್ತು. ಬೆಳ್ಳಕ್ಕಿ ಬಂತು, ನೀರುಕಾಗೆ ಬಂತು, ಬೇಡದ ಬಾತುಗಳೆಲ್ಲ ಬಂದು ಈಜಾಡಿ ಹೋದವು. ಗುರುವಪ್ಪ ಬೆಲ್ಲ, ನೀರು ಹಿಡಿದುಕೊಂಡು ದಂಡೆಗೆ ಬಂದ. ಮಾಸ್ಟ್ರು ಅವನನ್ನು ಬದಿಗೆ ಕರೆದು ಪಿಸುಗುಟ್ಟಿದರು.

"ಬಾತು ಇಲ್ಲೇ ಉಂಟಲ್ಲ?"

"ಉಂಟುಂಟು. ಎಲ್ಲಿಗೂ ಹೋಗಿಲ್ಲ. ಬಿಸಿಲಲ್ಲಿ ಯಾಕೆ ಕಾಯ್ತೀರಿ? ಮನೆಗೆ ಹೋಗುವ."

"ಇನ್ನು ಸ್ವಲ್ಪ ಕೂರ್ತೇವೆ."

"ಆಗಲಿ, ಚೆನ್ನಾಗಿ ಹಸಿವಾಗ್ಲಿ," ಎಂದು ಅವನು ನಗುತ್ತಾ ಹೊರಟುಹೋದ.

ಮಧ್ಯಾಹ್ನವಾದರೂ ಬಾತಿನ ಸುಳಿವಿಲ್ಲ. ಭಟ್ಟರು ದುರ್ಬೀನನ್ನು ಚೀಲಕ್ಕೆ ತುರುಕಿ ಎದ್ದೇಬಿಟ್ಟರು. ಎಲ್ಲರೂ ಗುರುವಪ್ಪನ ಮನೆಯ ದಾರಿ ಹಿಡಿದರು.

ಹೊರಗೆ ಉಣ್ಣದ ಭಟ್ಟರು ಚಾವಡಿಯಲ್ಲಿ ಬಾಳೆಹಣ್ಣು ಸುಲಿಯುತ್ತಾ ಕೂತರು. ಒಳಗೆ ಗುರುವಪ್ಪನ ಹೆಂಡತಿ ಕಾವೇರಮ್ಮ ಅಕ್ಕಿಯ ಪುಂಡಿ ಕಡುಬಿನ ಮೇಲೆ ಬಿಸಿಬಿಸಿ ಮಾಂಸದ ಗಸಿ ಬಡಿಸಿದಳು. ಕೋಳಿ ಸ್ವಲ್ಪ ಮುದಿಯದೆಂದು ಮಾಸ್ಟ್ರಿಗೆ ಅನ್ನಿಸಿತು, ಆದರೆ ಮಸಾಲೆಯ ಹದ ಬಾಯಿ ಮುಚ್ಚಿಸಿತು. ವಾರವಿಡೀ ಊಟ ಬಿಟ್ಟ ಹೊಟ್ಟೆ ಬೇರೆ. ಹಾಳಾದ ದುಃಖವನ್ನು ನುಂಗಲು ಮೂರು ಸಲ ಬಡಿಸಿಕೊಂಡರು.

ಕೈತೊಳೆದು ಬಂದ ಕೂಡಲೇ ಭಟ್ಟರು ಹಿಡಿದರು. "ಈಗಲಾದರೂ ಒಪ್ಪಿಕೊಳ್ತೀರಾ ಮಾಸ್ಟ್ರೇ?"

ಮಾಸ್ಟ್ರಿಗೆ ಸಾಕುಸಾಕಾಗಿತ್ತು. ನಿಜಕ್ಕೂ ತಾವರೆಯೇ ಇದ್ದಿರಬಹುದೇ ಎಂಬ ಅನುಮಾನ ಅವರಿಗೂ ಹೊಕ್ಕಿತ್ತು. ತಲೆ ತಗ್ಗಿಸಿ, "ಒಪ್ತೇನೆ. ಅಂಥ ಬಾತು ಈ ಕೆರೆಯಲ್ಲಿ ಇರಲೇ ಇಲ್ಲ," ಎಂದರು.

ವೀಳ್ಯದ ಹರಿವಾಣ ಹಿಡಿದು ಬಂದ ಗುರುವಪ್ಪನ ಮುಖ ಸಣ್ಣಗಾಯಿತು. "ಇರಲೇ ಇಲ್ಲ ಅಂದ್ರೆ ಹೇಗೆ ಮಾಸ್ಟ್ರೇ? ಮತ್ತೆ ನೀವೆಲ್ಲ ಈಗ ಉಂಡದ್ದು ಯಾವುದನ್ನು?"